ಸ್ಟೀಮ್ ಡೆಕ್ ಮನೆಯ ಕಂಪ್ಯೂಟರ್ ಆದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಸ್ಟೀಮ್ ಡೆಕ್ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್. ಒಳಗಿರುವುದು ಮಾತ್ರ ಪೂರ್ತಿ ಪಿಸಿ: ಎಎಮ್‌ಡಿಯ 4 ಕೋರ್ ಜೆನ್ 2 ಪ್ರೊಸೆಸರ್, 16 ಜಿಬಿ ರ್‍ಯಾಮ್, ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್, ಅದರೊಳಗೆ ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್. ಮಾನಿಟರ್, ಕೀಬೋರ್ಡ್, ಮೌಸ್ ಜೋಡಿಸಿಬಿಟ್ಟರೆ ಪತ್ರ ಬರೆಯುವುದಕ್ಕೂ ಬ್ಯಾಂಕಿನ ಕೆಲಸಕ್ಕೂ ಮಕ್ಕಳ ಆನ್‌ಲೈನ್ ಪಾಠಕ್ಕೂ ಧಾರಾಳವಾಗಿ ಸಾಕು. 2022ರಲ್ಲಿ ಬಂದ ಎಲ್‌ಸಿಡಿ ಮಾದರಿಗೂ 2023ರ ನವೆಂಬರಿನಲ್ಲಿ ಬಂದ ಓಎಲ್‌ಇಡಿ ಮಾದರಿಗೂ ಇಲ್ಲಿ ಹೇಳಿರುವುದು ಬಹುತೇಕ ಒಂದೇ. ವ್ಯತ್ಯಾಸ ಇರುವಲ್ಲಿ ಬೇರೆಯಾಗಿ ಹೇಳಿದೆ.

ವಾಲ್ವ್ ಕಂಪನಿ ಇದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲೋ, ಆಮದು ಮಾಡಿ ಮಾರುವವರ ಹತ್ತಿರವೋ, ಸೆಕೆಂಡ್ ಹ್ಯಾಂಡಾಗಿಯೋ ಸಿಗುತ್ತದೆ. ಹಾಗಾಗಿ ಕೆಟ್ಟರೆ ಒಯ್ದು ಕೊಡಲು ಇಲ್ಲಿ ಸರ್ವೀಸ್ ಸೆಂಟರ್ ಇಲ್ಲ, ನಾವೇ ಪತ್ತೆ ಹಚ್ಚಬೇಕು. ಅನುಕೂಲದ ಸಂಗತಿ ಏನೆಂದರೆ, ಮೇಜಿನ ಮೇಲಿಟ್ಟ ಡೆಕ್ "ಕೆಟ್ಟಿದೆ" ಅನ್ನಿಸಿದಾಗ ಹೆಚ್ಚಿನ ಸಲ ಕೆಟ್ಟಿರುವುದು ಡೆಕ್ ಅಲ್ಲ. ಅದಕ್ಕೆ ಇರುವುದು ಒಂದೇ ಒಂದು ಯುಎಸ್‌ಬಿ-ಸಿ ಕಿಂಡಿ. ಕರೆಂಟು, ಚಿತ್ರ, ಕೀಬೋರ್ಡು, ಹಾರ್ಡ್ ಡಿಸ್ಕು, ನೆಟ್ ಕೇಬಲ್ಲು ಎಲ್ಲವೂ ಆ ಒಂದೇ ಕಿಂಡಿಯಿಂದ ಹೋಗಿ ಬರಬೇಕು. ಆ ಒಂದನ್ನು ಹಲವು ಕಿಂಡಿಗಳಾಗಿ ಹಂಚುವ ಪೆಟ್ಟಿಗೆಯೇ ಹಬ್, ಡೆಕ್ ಕೂರಿಸುವ ಸ್ಟ್ಯಾಂಡ್ ರೂಪದಲ್ಲಿದ್ದರೆ ಡಾಕ್. ಚಾರ್ಜರ್‌ನ ದೋಷ ಪರದೆಯ ದೋಷದ ಹಾಗೆ, ಹಬ್‌ನ ದೋಷ ಡಿಸ್ಕಿನ ದೋಷದ ಹಾಗೆ ಕಾಣುವುದು ಇದರಿಂದಲೇ.

ಮೊದಲು ಎಲ್ಲ ಬಿಚ್ಚಿ

ತೊಂದರೆ ಯಾವುದೇ ಇರಲಿ, ಡಾಕ್ ಅಥವಾ ಹಬ್ ಕಳಚಿ ಡೆಕ್ಕನ್ನು ಬರಿದಾಗಿ ಕೈಗೆ ತೆಗೆದುಕೊಳ್ಳಿ. ಪವರ್ ಬಟನ್ ಅನ್ನು 10–12 ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ಅದರ ಸ್ವಂತ ಪರದೆಯಲ್ಲೇ ಹತ್ತು ನಿಮಿಷ ಕೆಲಸ ಮಾಡಿ ನೋಡಿ. ತೊಂದರೆ ಕಾಣದಿದ್ದರೆ ಒಂದೊಂದೇ ಸೇರಿಸುತ್ತ ಹೋಗಿ: ಮೊದಲು ಹಬ್ ಇಲ್ಲದೆ ನೇರ ಚಾರ್ಜರ್, ಆಮೇಲೆ ಹಬ್ ಜೊತೆ ಚಾರ್ಜರ್, ಅದಕ್ಕೆ ಮಾನಿಟರ್, ಕೀಬೋರ್ಡ್ ಮೌಸ್, ಕೊನೆಗೆ ಡಿಸ್ಕು. ಯಾವುದನ್ನು ಸೇರಿಸಿದಾಗ ದೋಷ ಮರಳಿತೋ ಅಲ್ಲಿಂದ ಹುಡುಕಾಟ ಶುರು. ಹದಿನೈದು ನಿಮಿಷದ ಈ ಕೆಲಸಕ್ಕೆ ಬೇಸರಪಟ್ಟು ನೇರವಾಗಿ ಓಎಸ್ ಅಳಿಸಿ ಹಾಕಿಕೊಳ್ಳುವವರೇ ಜಾಸ್ತಿ. ಹಾಕಿಕೊಂಡ ಮೇಲೂ ದೋಷ ಹಾಗೇ ಇರುತ್ತದೆ, ಏಕೆಂದರೆ ಅದು ಕೇಬಲ್ಲಿನಲ್ಲಿತ್ತು.

ಬರಿದಾಗಿದ್ದಾಗಲೂ ಹತ್ತದೇ ಇದ್ದರೆ ಎರಡು ಸಾಧ್ಯತೆ. ಬ್ಯಾಟರಿ ಪೂರ್ತಿ ಇಳಿದಿರಬಹುದು: ನೇರ ಚಾರ್ಜರ್ ಹಾಕಿ 20 ನಿಮಿಷ ಬಿಟ್ಟು ನೋಡಿ. ಇಲ್ಲವೇ ಹಿಂದಿನ ಮಾಲೀಕರು ಸಾಗಿಸುವ ಮುನ್ನ ಬಯೋಸ್‌ನಲ್ಲಿ (ಓಎಸ್ ಏಳುವ ಮುಂಚಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಬ್ಯಾಟರಿ ಸ್ಟೋರೇಜ್ ಮೋಡ್ ಹಾಕಿರಬಹುದು. ಆ ಸ್ಥಿತಿಯಲ್ಲಿ ಪವರ್ ಬಟನ್ ಎಷ್ಟು ಒತ್ತಿದರೂ ಏಳುವುದಿಲ್ಲ, ಚಾರ್ಜರ್ ಚುಚ್ಚಿದಾಗಲೇ ಏಳುವುದು. ಸೆಕೆಂಡ್ ಹ್ಯಾಂಡ್ ಡೆಕ್ "ಸತ್ತಿದೆ" ಎಂದು ಅಗ್ಗಕ್ಕೆ ಬಂದಿದ್ದರೆ ಇದನ್ನು ಮೊದಲು ನೋಡಿ.

ಕರೆಂಟು: ಚಾರ್ಜರ್ ಮೈಮೇಲೆ ಬರೆದ ಸಣ್ಣ ಅಕ್ಷರ

ಡೆಕ್ ಕೇಳುವುದು 45 ವ್ಯಾಟ್, ಅದೂ ಯುಎಸ್‌ಬಿ ಪವರ್ ಡೆಲಿವರಿ ರೀತಿಯಲ್ಲಿ 15 ವೋಲ್ಟ್, 3 ಆಂಪಿಯರ್. ಮನೆಯಲ್ಲಿರುವ ಫೋನ್ ಚಾರ್ಜರ್ ಮೇಲೆ 65 ವ್ಯಾಟ್, 80 ವ್ಯಾಟ್ ಎಂದು ದಪ್ಪಗೆ ಬರೆದಿದ್ದರೂ ಅದು ಆ ಕಂಪನಿಯ ಫೋನಿಗೆ ಮಾತ್ರ ಕೊಡುವ ಲೆಕ್ಕ ಇರಬಹುದು. ಬೇರೆ ಸಾಧನ ಚುಚ್ಚಿದರೆ ಎಷ್ಟೋ ಚಾರ್ಜರ್‌ಗಳು 5 ವೋಲ್ಟಿಗೆ ಇಳಿದುಬಿಡುತ್ತವೆ.

ಚಾರ್ಜರ್ ಅನ್ನು ಬೆಳಕಿಗೆ ಹಿಡಿದು ಔಟ್‌ಪುಟ್ ಎಂಬ ಸಾಲು ಓದಿ. ಅಲ್ಲಿ 5ವಿ 3ಎ, 9ವಿ 3ಎ, 15ವಿ 3ಎ ಎಂದು ಮೆಟ್ಟಿಲುಮೆಟ್ಟಿಲಾಗಿ ಇರಬೇಕು. 15ವಿ 3ಎ ಇದ್ದರೆ ಆಯಿತು. 9 ವೋಲ್ಟಿಗೆ ನಿಂತಿದ್ದರೆ ಸಿಗುವುದು 27 ವ್ಯಾಟ್: ಬ್ರೌಸರ್ ಕೆಲಸಕ್ಕೆ ಸಾಕು, ಗೇಮ್ ಹಾಕಿದರೆ ಬ್ಯಾಟರಿ ನಿಧಾನ ಇಳಿಯುತ್ತದೆ. 5 ವೋಲ್ಟ್ ಮಾತ್ರ ಇದ್ದರೆ 15 ವ್ಯಾಟ್, ಅಂದರೆ ಪ್ಲಗ್ ಹಾಕಿಯೇ ಇದ್ದರೂ ಸಂಜೆ ಹೊತ್ತಿಗೆ ಆರಿಹೋಗುವ ಕಂಪ್ಯೂಟರ್. ಒಂದು ತುದಿ ದೊಡ್ಡ ಯುಎಸ್‌ಬಿ-ಎ ಇರುವ ಕೇಬಲ್ಲಿನಲ್ಲಿ ಪವರ್ ಡೆಲಿವರಿ ನಡೆಯುವುದೇ ಇಲ್ಲ. ಎರಡೂ ತುದಿ ಸಿ ಆಗಿರಬೇಕು.

ಕೆಲವು ನೂರು ರೂಪಾಯಿಗೆ ಯುಎಸ್‌ಬಿ-ಸಿ ಮೀಟರ್ ಸಿಗುತ್ತದೆ, ಚಾರ್ಜರ್‌ಗೂ ಡೆಕ್‌ಗೂ ನಡುವೆ ಚುಚ್ಚುವಂಥದ್ದು. ಊಹೆ ಮಾಡುತ್ತ ಮೂರು ಚಾರ್ಜರ್ ಕೊಳ್ಳುವ ಬದಲು ಇದೊಂದು ಕೊಳ್ಳಿ. 15ರ ಹತ್ತಿರ ವೋಲ್ಟ್ ತೋರಿಸಿದರೆ ಚಾರ್ಜರ್, ಕೇಬಲ್ ಎರಡೂ ಸರಿ. 5 ತೋರಿಸಿದರೆ ಅವೆರಡರಲ್ಲಿ ಒಂದನ್ನು ಬದಲಿಸಿ ನೋಡಿ.

ಹಬ್ ನಡುವೆ ಬಂದರೆ ಲೆಕ್ಕ ಬದಲಾಗುತ್ತದೆ. ಹಬ್ ತನಗೆಂದು, ತನ್ನ ಯುಎಸ್‌ಬಿ ಕಿಂಡಿಗಳಿಗೆಂದು ಒಂದಷ್ಟು ವ್ಯಾಟ್ ಹಿಡಿದಿಟ್ಟುಕೊಂಡು ಉಳಿದದ್ದನ್ನು ಮುಂದೆ ಕೊಡುತ್ತದೆ. ಡೆಕ್ ಜೊತೆ ಬಂದ 45 ವ್ಯಾಟ್ ಚಾರ್ಜರ್ ನೇರ ಹಾಕಿದಾಗ ಸರಿ, ಹಬ್ ಮೂಲಕ ಹಾಕಿದಾಗ "ಚಾರ್ಜರ್ ನಿಧಾನ" ಎಂಬ ಎಚ್ಚರಿಕೆ ಬರುವುದು ಇದಕ್ಕೇ. ಹಬ್‌ಗೆ 65 ವ್ಯಾಟ್ ಪವರ್ ಡೆಲಿವರಿ ಚಾರ್ಜರ್ ಹಾಕಿದರೆ ಈ ತಕರಾರು ಮುಗಿಯಿತು. ಡೆಕ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ, ವ್ಯಾಟ್ ಜಾಸ್ತಿಯಾಯಿತೆಂದು ಸುಡುವುದಿಲ್ಲ.

ಇನ್ನೊಂದು ದೋಷ ನಮ್ಮ ಊರುಗಳಲ್ಲಿ ಹೆಚ್ಚು ಕಾಡುವಂಥದ್ದು. ಕರೆಂಟು ಹೋದಾಗ ಡೆಕ್ ತನ್ನ ಬ್ಯಾಟರಿಯಿಂದ ನಡೆಯುತ್ತಲೇ ಇರುತ್ತದೆ. ಆದರೆ ಹಬ್ ಅಲ್ಲಿಯವರೆಗೆ ಚಾರ್ಜರ್‌ನಿಂದ ಉಣ್ಣುತ್ತಿತ್ತು, ಈಗ ಡೆಕ್‌ನಿಂದ ಉಣ್ಣಬೇಕು. ಈ ಅದಲುಬದಲಿನ ಹೊತ್ತಿಗೆ ಅಗ್ಗದ ಹಬ್‌ಗಳು ಒಂದು ಕ್ಷಣ ಸತ್ತು ಹುಟ್ಟುತ್ತವೆ. ಮೌಸ್ ಆದರೆ ಮರಳಿ ಬರುತ್ತದೆ. ಹಾರ್ಡ್ ಡಿಸ್ಕಿಗೆ ಫೈಲ್ ಬರೆಯುತ್ತಿದ್ದರೆ ಆ ಫೈಲ್ ಅರ್ಧಕ್ಕೇ ನಿಂತುಹೋಗುತ್ತದೆ, ಕೆಲವೊಮ್ಮೆ ಡಿಸ್ಕಿನ ಫೈಲ್‌ಸಿಸ್ಟಮ್ಮೇ ಹಾಳಾಗುತ್ತದೆ. ಪರೀಕ್ಷೆ ಸುಲಭ: ಡಿಸ್ಕನ್ನು ಇಜೆಕ್ಟ್ ಮಾಡಿ ತೆಗೆದಿಟ್ಟು, ಕೀಬೋರ್ಡ್ ದೀಪ ನೋಡುತ್ತ ಗೋಡೆಯ ಸ್ವಿಚ್ ಆರಿಸಿ. ದೀಪ ಮಿಣುಕಿ ಹೋಗಿ ಬಂದರೆ ನಿಮ್ಮ ಹಬ್ ಇದೇ ಜಾತಿ. ಅಂಥ ಹಬ್ ಇರುವಾಗ ಚಾರ್ಜರ್ ಅನ್ನು ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಹಾಕಿ. ಅಮೆರಿಕದ ಚಪ್ಪಟೆ ಪಿನ್ ಚಾರ್ಜರ್‌ಗೆ ಇಪ್ಪತ್ತು ರೂಪಾಯಿಯ ಸಡಿಲ ಕನ್ವರ್ಟರ್ ಪ್ಲಗ್ ಸಿಕ್ಕಿಸಿದ್ದರೂ ಇದೇ ಲಕ್ಷಣ: ಯಾರೋ ಮೇಜು ತಾಗಿಸಿದರೆ ಪರದೆ ಒಮ್ಮೆ ಕಪ್ಪಾಗುತ್ತದೆ.

ಮಾನಿಟರ್ ಕಪ್ಪು, ಟಿವಿ ಮಸುಕು

ಮಾನಿಟರ್ "ನೋ ಸಿಗ್ನಲ್" ಅನ್ನುತ್ತಿದ್ದರೆ ಜೋಡಿಸುವ ಕ್ರಮ ಬದಲಿಸಿ ನೋಡಿ. ಮೊದಲು ಹಬ್‌ಗೆ ಕರೆಂಟು, ನಂತರ ಎಚ್‌ಡಿಎಮ್‌ಐ, ಮಾನಿಟರ್ ಹಚ್ಚಿ, ಕೊನೆಗೆ ಡೆಕ್. ಡೆಕ್‌ನ ಪರದೆಯಲ್ಲಿ ಚಿತ್ರ ಇದ್ದು ಹೊರಗಿನದರಲ್ಲಿ ಇಲ್ಲದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿಯ ಜೊತೆ ಪಿ ಒತ್ತಿ. ಯಾವ ಪರದೆ ಬೇಕೆಂದು ಕೇಳುತ್ತದೆ. ಹಿಂದೊಮ್ಮೆ ಬೇರೆ ಟಿವಿಗೆ ಹಾಕಿದ ಸೆಟ್ಟಿಂಗ್ ಅಂಟಿಕೊಂಡು ತೊಂದರೆ ಕೊಡುವುದೂ ಉಂಟು. ಡಾಲ್ಫಿನ್ ಫೈಲ್ ಮ್ಯಾನೇಜರ್‌ನಲ್ಲಿ ಅಡಗಿದ ಫೋಲ್ಡರ್ ತೋರಿಸಿ, ಹೋಮ್ ಒಳಗಿನ ಡಾಟ್-ಲೋಕಲ್, ಅದರೊಳಗೆ ಶೇರ್, ಅದರೊಳಗೆ ಕೆಸ್ಕ್ರೀನ್ ಎಂಬ ಫೋಲ್ಡರ್ ಅಳಿಸಿ ರೀಸ್ಟಾರ್ಟ್ ಮಾಡಿದರೆ ಪರದೆಯ ನೆನಪೆಲ್ಲ ಅಳಿಯುತ್ತದೆ. ಅಳಿಸುವ ಬದಲು ಹೆಸರು ಬದಲಿಸಿಟ್ಟರೆ ಇನ್ನೂ ಕ್ಷೇಮ.

4ಕೆ ಟಿವಿಯಲ್ಲಿ ಮೌಸ್ ಬಾಣ ತೆವಳಿದ ಹಾಗೆ ಕಂಡರೆ ಪ್ರೊಸೆಸರ್ ಸಾಲದು ಎಂದುಕೊಳ್ಳಬೇಡಿ. ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ನೋಡಿ, 30 ಹರ್ಟ್ಸ್ ಇರುತ್ತದೆ. ಯುಎಸ್‌ಬಿ-ಸಿ ಕೇಬಲ್ಲಿನ ನಾಲ್ಕು ವೇಗದ ದಾರಿಗಳಲ್ಲಿ ಎರಡನ್ನು ಹಬ್ ಯುಎಸ್‌ಬಿ 3ಕ್ಕೆ ಕೊಟ್ಟು ಎರಡನ್ನಷ್ಟೇ ಚಿತ್ರಕ್ಕೆ ಬಿಡುತ್ತದೆ. ಹಳೆ ಚಿಪ್ ಇರುವ ಹಬ್‌ನಲ್ಲಿ ಆ ಎರಡು ದಾರಿಯಲ್ಲಿ 4ಕೆ 60 ಹಿಡಿಸುವುದಿಲ್ಲ. ರೆಸಲ್ಯೂಶನ್ ಅನ್ನು 1920×1080ಕ್ಕೆ ಇಳಿಸಿ 60 ಹರ್ಟ್ಸ್ ಮಾಡಿಕೊಳ್ಳಿ. ಟೈಪ್ ಮಾಡುವವರಿಗೆ 30 ಹರ್ಟ್ಸ್‌ನ 4ಕೆಗಿಂತ ಅದು ಎಷ್ಟೋ ಮೇಲು. 4ಕೆ ಬೇಕೇ ಬೇಕೆಂದರೆ ಪೆಟ್ಟಿಗೆ ಮೇಲೆ 4ಕೆ 60 ಎಂದು ಸ್ಪಷ್ಟವಾಗಿ ಬರೆದ ಹಬ್ ಕೊಳ್ಳಬೇಕು. ಬರೀ "4ಕೆ" ಎಂದಿದ್ದರೆ ಅದು 30 ಎಂದೇ ತಿಳಿಯಿರಿ.

ಟಿವಿಯ ಅಂಚಿನಲ್ಲಿ ಟಾಸ್ಕ್‌ಬಾರ್ ಅರ್ಧ ಕತ್ತರಿಸಿದ್ದರೆ ಅದು ಓವರ್‌ಸ್ಕ್ಯಾನ್. ಅದನ್ನು ಡೆಕ್‌ನಲ್ಲಿ ಅಲ್ಲ, ಟಿವಿಯ ಮೆನುವಿನಲ್ಲಿ ಸರಿಮಾಡಬೇಕು: ಚಿತ್ರದ ಅಳತೆಯಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, 1:1 ಹೀಗೆ ಏನಾದರೊಂದು ಹೆಸರಿನಲ್ಲಿರುತ್ತದೆ. ಕೆಂಪು, ನೀಲಿ ಅಕ್ಷರಗಳು ಮಾತ್ರ ಕದಡಿದಂತೆ ಕಂಡರೆ ಟಿವಿ ಬಣ್ಣದ ವಿವರ ಕಡಿಮೆ ಮಾಡಿ ತೋರಿಸುತ್ತಿದೆ ಎಂದರ್ಥ. ಆ ಎಚ್‌ಡಿಎಮ್‌ಐ ಇನ್‌ಪುಟ್ಟಿಗೆ ಪಿಸಿ ಎಂದು ಹೆಸರು ಕೊಟ್ಟರೆ ಎಷ್ಟೋ ಟಿವಿಗಳಲ್ಲಿ ಸರಿಹೋಗುತ್ತದೆ.

ಮಾನಿಟರ್ ಹಾಕಿದೊಡನೆ ಶಬ್ದ ನಿಂತಿತೇ? ಶಬ್ದ ಸ್ಪೀಕರ್ ಇಲ್ಲದ ಮಾನಿಟರ್ ಕಡೆ ಹೋಗಿದೆ. ಕೆಳಗಿನ ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ ಬದಲಿಸಿ.

ವೈರ್‌ಲೆಸ್ ಕೀಬೋರ್ಡ್ ಅಕ್ಷರ ನುಂಗುತ್ತದೆ

ಇದು ಹೆಚ್ಚಿನವರಿಗೆ ಹೊಳೆಯದ ದೋಷ. ಹಬ್‌ನ ಒಂದು ಕಿಂಡಿಯಲ್ಲಿ ಯುಎಸ್‌ಬಿ 3 ಡಿಸ್ಕು, ಪಕ್ಕದ ಕಿಂಡಿಯಲ್ಲಿ ಕೀಬೋರ್ಡಿನ ಪುಟ್ಟ ಡಾಂಗಲ್. ಡಿಸ್ಕು ಓಡುವಾಗ ಕೀಬೋರ್ಡ್ ಅಕ್ಷರ ಬಿಡುತ್ತದೆ, ಮೌಸ್ ಜಿಗಿಯುತ್ತದೆ, 2.4 ಗಿಗಾಹರ್ಟ್ಸ್ ವೈಫೈ ಕೂಡ ಬಿದ್ದುಹೋಗುತ್ತದೆ. ಯುಎಸ್‌ಬಿ 3ರ ದತ್ತಾಂಶ ಓಡುವಾಗ ಅದರಿಂದ ಹೊಮ್ಮುವ ರೇಡಿಯೋ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ, ಡಾಂಗಲ್‌ಗೆ ಕೀಬೋರ್ಡಿನ ಪಿಸುಮಾತು ಕೇಳಿಸುವುದಿಲ್ಲ. ಬ್ಯಾಟರಿ ಬದಲಿಸಿ, ಕೀಬೋರ್ಡೇ ಬದಲಿಸಿ, ಪ್ರಯೋಜನವಿಲ್ಲ. ಒಂದು ಮೀಟರ್ ಉದ್ದದ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲ್ ಅನ್ನು ಹಬ್‌ನಿಂದ ದೂರ, ಕೀಬೋರ್ಡಿನ ಹತ್ತಿರ ತಂದಿಡಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಡಿಸ್ಕಿನ ಗದ್ದಲವಿಲ್ಲದೆಯೂ ಎಲ್‌ಸಿಡಿ ಮಾದರಿಯ ವೈಫೈ ಮಂಕಾಗಿದ್ದರೆ ಗೇಮಿಂಗ್ ಮೋಡ್‌ನ (ಡೆಸ್ಕ್‌ಟಾಪ್ ಅಲ್ಲದ, ಗೇಮ್ ಆಡುವ ಪರದೆಯ) ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಹಚ್ಚಿ, ಡೆವಲಪರ್ ಪುಟದಲ್ಲಿರುವ ವೈಫೈ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಸದಾ ಪ್ಲಗ್‌ನಲ್ಲಿರುವ ಯಂತ್ರಕ್ಕೆ ಆ ಉಳಿತಾಯ ಬೇಕಿಲ್ಲ.

ಮೌಸ್ ಬಾಣ ತಾನಾಗಿ ತೇಲುತ್ತಿದ್ದರೆ ಡೆಕ್‌ನ ಟ್ರ್ಯಾಕ್‌ಪ್ಯಾಡ್ ಮೇಲೆ ಕೇಬಲ್ ಒರಗಿದೆಯೇ ನೋಡಿ. ತೆರೆಯ ಮೇಲಿನ ಕೀಬೋರ್ಡ್ ಸ್ಟೀಮ್ ಬಟನ್ ಜೊತೆ ಎಕ್ಸ್ ಒತ್ತಿದರೆ ಬರುತ್ತದೆ, ಆದರೆ ಸ್ಟೀಮ್ ಆಪ್ ಚಾಲೂ ಇದ್ದರೆ ಮಾತ್ರ. "ಕೀಬೋರ್ಡ್ ಕೆಟ್ಟಿದೆ" ಅನ್ನುವ ದೂರಿಗೆ ಆ ಆಪ್ ಮುಚ್ಚಿರುವುದೇ ಬಹಳ ಸಲ ಕಾರಣ.

ಹಾಕಿದ ಸಾಫ್ಟ್‌ವೇರ್ ಮಾಯ

ಅಪ್‌ಡೇಟ್ ಆದ ಮರುದಿನ ಪ್ರಿಂಟರ್ ಡ್ರೈವರ್ ಇಲ್ಲ, ಟರ್ಮಿನಲ್‌ನಿಂದ ಹಾಕಿದ ಪ್ಯಾಕೇಜ್ ಇಲ್ಲ. ಇದು ದೋಷವಲ್ಲ, ಸ್ಟೀಮ್‌ಓಎಸ್ ಇರುವುದೇ ಹಾಗೆ. ಸಿಸ್ಟಮ್ ಭಾಗ ಓದಲು ಮಾತ್ರ. ಅದರದೇ ಎರಡು ಪ್ರತಿ, ಎ ಮತ್ತು ಬಿ, ಡಿಸ್ಕಿನಲ್ಲಿರುತ್ತವೆ. ಅಪ್‌ಡೇಟ್ ಬಂದಾಗ ಸುಮ್ಮನಿರುವ ಪ್ರತಿಯ ಮೇಲೆ ಹೊಸದನ್ನು ಪೂರ್ತಿ ಬರೆದು, ಮುಂದಿನ ಸಲ ಅದರಿಂದ ಏಳುತ್ತದೆ. ಬೀಗ ತೆಗೆದು ಪ್ಯಾಕ್‌ಮ್ಯಾನ್‌ನಿಂದ (ಆರ್ಚ್‌ನಲ್ಲಿ ಪ್ಯಾಕೇಜ್ ಹಾಕುವ ಆಜ್ಞೆ) ತುರುಕಿದ್ದೆಲ್ಲ ಹಳೆ ಪ್ರತಿಯಲ್ಲೇ ಉಳಿಯಿತು. ಸಾಲದ್ದಕ್ಕೆ ಆ ಭಾಗ ಸುಮಾರು 5 ಜಿಬಿ ಅಷ್ಟೇ, ದೊಡ್ಡ ಪ್ಯಾಕೇಜ್ ಒಂದೆರಡರಲ್ಲೇ ತುಂಬಿಹೋಗುತ್ತದೆ.

ಆದ್ದರಿಂದ ಬ್ರೌಸರ್, ಲಿಬ್ರೆ ಆಫೀಸ್, ವಿಎಲ್‌ಸಿ ಎಲ್ಲವನ್ನೂ ಡಿಸ್ಕವರ್ ಅಂಗಡಿಯಿಂದ ಫ್ಲ್ಯಾಟ್‌ಪ್ಯಾಕ್ ರೂಪದಲ್ಲೇ ಹಾಕಿ. ಅವು ಹೋಮ್ ಪಾರ್ಟಿಷನ್‌ನಲ್ಲಿ ಕೂರುತ್ತವೆ, ಅಪ್‌ಡೇಟ್ ಮುಟ್ಟುವುದಿಲ್ಲ. ಡ್ರೈವರ್ ಬೇಡುವ ಪ್ರಿಂಟರ್ ಜೊತೆ ಗುದ್ದಾಡುವುದಕ್ಕಿಂತ ಪಿಡಿಎಫ್ ಮಾಡಿ ಫೋನಿನಿಂದ ಪ್ರಿಂಟ್ ಕೊಡುವುದೇ ಜಾಣತನ. ಪ್ರಿಂಟಿಂಗೇ ಮುಖ್ಯ ಕೆಲಸವಾದ ಮನೆಗೆ ಡೆಕ್ ಸರಿಯಾದ ಕಂಪ್ಯೂಟರ್ ಅಲ್ಲ.

ಏನನ್ನೋ ಮಾಡಲು ಹೋದಾಗ ಪಾಸ್‌ವರ್ಡ್ ಕೇಳುತ್ತದೆ, ಖಾಲಿ ಎಂಟರ್ ಒತ್ತಿದರೆ ಒಪ್ಪುವುದಿಲ್ಲ. ಡೆಕ್ ಎಂಬ ಆ ಬಳಕೆದಾರನಿಗೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ಯೂಸರ್ಸ್ ಪುಟದಲ್ಲಿ ಒಂದು ಇಟ್ಟುಕೊಳ್ಳಿ, ಕಾಗದದಲ್ಲಿ ಬರೆದೂ ಇಡಿ.

ಡಿಸ್ಕು ತುಂಬಿದರೆ ಲಕ್ಷಣಗಳು ವಿಚಿತ್ರ: ಗೇಮಿಂಗ್ ಮೋಡ್ ಲೋಗೋ ತೋರಿಸಿ ಅಲ್ಲೇ ನಿಲ್ಲುತ್ತದೆ, ಬ್ರೌಸರ್ ಸೆಟ್ಟಿಂಗ್ ಮರೆಯುತ್ತದೆ. 64 ಜಿಬಿ ಮಾದರಿಯಲ್ಲಿ ಇದು ಬೇಗ ಬರುವ ಕಾಯಿಲೆ. ಡಿಸ್ಕವರ್‌ನಿಂದ ಫೈಲ್‌ಲೈಟ್ ಹಾಕಿ ನೋಡಿದರೆ ಜಾಗ ತಿನ್ನುವವರು ಎದ್ದು ಕಾಣುತ್ತಾರೆ, ಸಾಮಾನ್ಯವಾಗಿ ಸ್ಟೀಮ್‌ಆಪ್ಸ್ ಒಳಗಿನ ಶೇಡರ್‌ಕ್ಯಾಶ್ ಮತ್ತು ಕಂಪ್ಯಾಟ್‌ಡೇಟಾ. ಶೇಡರ್‌ಕ್ಯಾಶ್ ಅಳಿಸಿದರೆ ನಷ್ಟವಿಲ್ಲ, ಮತ್ತೆ ಹುಟ್ಟುತ್ತದೆ. ಕಂಪ್ಯಾಟ್‌ಡೇಟಾಕ್ಕೆ ಕೈ ಹಾಕುವ ಮುನ್ನ ಯೋಚಿಸಿ: ಕ್ಲೌಡ್‌ಗೆ ಹೋಗದ ಗೇಮ್‌ಗಳ ಸೇವ್ ಅದರಲ್ಲೇ ಇರುತ್ತದೆ.

ವಿಂಡೋಸ್ ಲ್ಯಾಪ್‌ಟಾಪಿನಿಂದ ತಂದ ಎನ್‌ಟಿಎಫ್‌ಎಸ್ ಡಿಸ್ಕು ತೆರೆಯದಿದ್ದರೆ ಅಥವಾ ಓದಲಷ್ಟೇ ಬಂದರೆ, ಅಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದು ಡಿಸ್ಕು ಅರೆನಿದ್ದೆಯಲ್ಲಿದೆ. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ ಪೂರ್ತಿ ಆರಿಸಿ, ಆಮೇಲೆ ಡಿಸ್ಕು ತೆಗೆಯಿರಿ. ಎರಡೂ ಕಡೆ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಒಳ್ಳೆಯದು. ಡೆಕ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಮೈಕ್ರೋಎಸ್‌ಡಿ ಕಾರ್ಡ್ ಎಕ್ಸ್‌ಟಿ4 ಆಗಿರುತ್ತದೆ. ವಿಂಡೋಸ್ ಅದನ್ನು ಕಂಡು "ಫಾರ್ಮ್ಯಾಟ್ ಮಾಡಲೇ" ಎಂದು ಕೇಳಿದರೆ ಒಪ್ಪಬೇಡಿ.

ಕನ್ನಡ ಬಾರದಿದ್ದರೆ

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಇಳಿಸಿಕೊಂಡು ಡಾಲ್ಫಿನ್‌ನಲ್ಲಿ ಎರಡು ಸಲ ಒತ್ತಿ ಇನ್‌ಸ್ಟಾಲ್ ಕೊಡಿ. ಪರ್ಸನಲ್ಲೋ ಸಿಸ್ಟಮ್ಮೋ ಎಂದು ಕೇಳಿದರೆ ಪರ್ಸನಲ್ ಆರಿಸಿ. ಕಾರಣ ಮೇಲೆ ಹೇಳಿದ್ದೇ: ಸಿಸ್ಟಮ್ ಭಾಗಕ್ಕೆ ಹಾಕಿದ್ದು ಅಪ್‌ಡೇಟ್‌ನಲ್ಲಿ ಹೋಗುತ್ತದೆ. ಫ್ಲ್ಯಾಟ್‌ಪ್ಯಾಕ್ ಆಪ್‌ಗಳಿಗೂ ಪರ್ಸನಲ್ ಫಾಂಟ್ ಕಾಣುತ್ತದೆ, ಆದರೆ ಆಪ್ ಮುಚ್ಚಿ ತೆರೆಯಬೇಕು.

ಟೈಪಿಂಗ್‌ಗೆ ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್. ಅಲ್ಲಿ ಭಾರತದ ಪಟ್ಟಿಯಲ್ಲಿ ಕನ್ನಡ ಎಂದೊಂದು, ಕನ್ನಡ ಕಗಪ ಫೊನೆಟಿಕ್ ಎಂದೊಂದು ಇವೆ. ನುಡಿ ರೂಢಿಯಾದವರು ಎರಡನೆಯದನ್ನು ಸೇರಿಸಿ, ಒಂದು ವಿಷಯ ತಿಳಿದಿರಲಿ: ನುಡಿ ತಂತ್ರಾಂಶ ಹಿಂದೆ ವ್ಯಂಜನ ಇದೆಯೇ ನೋಡಿ ಅದೇ ಕೀಲಿಯಿಂದ ಸ್ವರವನ್ನೋ ಕಾಗುಣಿತದ ಗುರುತನ್ನೋ ಹಾಕುತ್ತದೆ. ಲಿನಕ್ಸ್‌ನ ಈ ವಿನ್ಯಾಸಕ್ಕೆ ಆ ಬುದ್ಧಿ ಇಲ್ಲ. ಸ್ವರ ಬೇರೆ, ಗುರುತು ಬೇರೆ ಸ್ಥಾನದಲ್ಲಿವೆ. "ಇ" ಬರೆಯಲು ಹೋದರೆ ಗುಡಿಸು ಮಾತ್ರ ಬಂದು ಚುಕ್ಕೆವೃತ್ತದ ಮೇಲೆ ಕೂತರೆ ಕೀಬೋರ್ಡ್ ಕೆಟ್ಟಿಲ್ಲ. ಅದೇ ಪುಟದಲ್ಲಿ ಪ್ರಿವ್ಯೂ ಒತ್ತಿ ಕೀಲಿಗಳ ಚಿತ್ರ ನೋಡಿಕೊಳ್ಳಿ. ಹಳೆಯ ನುಡಿ, ಬರಹ ಕಡತಗಳು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ತೆರೆದುಕೊಂಡರೆ ಅವು ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಯಿಸಿ ತರಬೇಕು, ಫಾಂಟ್ ಹುಡುಕಿ ಫಲವಿಲ್ಲ.

ಏಳದ ಡೆಕ್, ಉಬ್ಬಿದ ಡೆಕ್

ಅಪ್‌ಡೇಟ್ ನಂತರ ಲೋಗೋದಲ್ಲೇ ನಿಂತರೆ ಎ-ಬಿ ಪ್ರತಿಗಳ ಲಾಭ ಈಗ. ಪೂರ್ತಿ ಆರಿಸಿ, ಮೂರು ಚುಕ್ಕೆಯ ಬಟನ್ ಹಿಡಿದುಕೊಂಡು ಪವರ್ ಒತ್ತಿ. ಬರುವ ಮೆನುವಿನಲ್ಲಿ ಹಿಂದಿನ ಪ್ರತಿ ಆರಿಸಿ. ಅಕ್ಷರಗಳು ಅಡ್ಡ ಮಲಗಿದಂತೆ ಕಂಡರೆ ಗಾಬರಿಯಾಗಬೇಡಿ, ಆ ಪರದೆಯ ಹುಟ್ಟುದಿಕ್ಕೇ ಉದ್ದುದ್ದ. ಅದೂ ಆಗದಿದ್ದರೆ ವಾಲ್ವ್ ಕೊಡುವ ರಿಕವರಿ ಇಮೇಜನ್ನು 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವಿಗೆ ವಿಂಡೋಸ್‌ನ ರೂಫಸ್ ಎಂಬ ಆಪ್‌ನಿಂದ ಬರೆದು, ವಾಲ್ಯೂಮ್ ಇಳಿಸುವ ಬಟನ್ ಜೊತೆ ಪವರ್ ಒತ್ತಿ ಅದರಿಂದ ಏಳಿಸಿ. ಅಲ್ಲಿ ರೀ-ಇಮೇಜ್ ಒತ್ತಿದರೆ ಎಲ್ಲ ಅಳಿಯುತ್ತದೆ. ರೀಇನ್‌ಸ್ಟಾಲ್ ಸ್ಟೀಮ್‌ಓಎಸ್ ನಿಮ್ಮ ಫೈಲ್ ಉಳಿಸಿಕೊಳ್ಳಲು ನೋಡುತ್ತದೆ, ಮೊದಲು ಅದನ್ನೇ ಒತ್ತಿ. ಮರೆತ ಪಾಸ್‌ವರ್ಡನ್ನೂ ಇದೇ ಪೆನ್‌ಡ್ರೈವಿನಿಂದ ಹೊಸದಾಗಿ ಇಡಬಹುದು.

ಬಿಸಿ, ಫ್ಯಾನಿನ ಕೂಗು ಹೆಚ್ಚಾದರೆ ಇಟ್ಟ ಭಂಗಿ ನೋಡಿ. ಗಾಳಿ ಒಳಹೋಗುವುದು ಬೆನ್ನಿನಿಂದ, ಹೊರಬರುವುದು ಮೇಲಂಚಿನಿಂದ. ಅಂಗಾತ ಮಲಗಿಸಿಟ್ಟರೆ ಉಸಿರು ಕಟ್ಟುತ್ತದೆ, ಟಿವಿ ಕಪಾಟಿನೊಳಗೆ ಮುಚ್ಚಿಟ್ಟರೂ ಅಷ್ಟೇ.

ವರ್ಷಗಟ್ಟಲೆ ಪ್ಲಗ್‌ನಲ್ಲೇ ಇರುವ ಬ್ಯಾಟರಿ ಬೇಗ ಸವೆಯುತ್ತದೆ. ಸ್ಟೀಮ್‌ಓಎಸ್ 3.7ರಿಂದ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಚಾರ್ಜ್ ಮಿತಿ ಇಡಬಹುದು, ಮೇಜಿನ ಕಂಪ್ಯೂಟರ್‌ಗೆ 80 ಸಾಕು. ಬೆನ್ನಿನ ಕವಚ ಉಬ್ಬಿದ್ದರೆ, ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ ಆ ಕ್ಷಣವೇ ಚಾರ್ಜರ್ ಕೀಳಿ, ಮತ್ತೆ ಹಾಕಬೇಡಿ. ಬ್ಯಾಟರಿ ಬಲವಾದ ಅಂಟಿನಲ್ಲಿ ಕೂತಿರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ತೂತಾಗಿ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿ ತೆಗೆದು ಅಭ್ಯಾಸವಿರುವ ಮೊಬೈಲ್ ರಿಪೇರಿಯವರಿಗೇ ಒಪ್ಪಿಸಿ.

ಎಸ್‌ಎಸ್‌ಡಿ ಬದಲಿಸಲೆಂದು ನೀವೇ ತೆರೆಯುವುದಾದರೆ ಬೇಕಾದದ್ದು 2230 ಅಳತೆಯ ಎಂ.2 ಎನ್‌ವಿಎಂಇ. ಮೊದಲು ಬಯೋಸ್‌ನಲ್ಲಿ ಬ್ಯಾಟರಿ ಸ್ಟೋರೇಜ್ ಮೋಡ್ ಹಾಕಿ. ಎಲ್‌ಸಿಡಿ ಮಾದರಿಯ ಬೆನ್ನಿನಲ್ಲಿ ಎಂಟು ಫಿಲಿಪ್ಸ್ ಸ್ಕ್ರೂ, ನಾಲ್ಕು ಉದ್ದ ನಾಲ್ಕು ಗಿಡ್ಡ, ಅದಲುಬದಲು ಮಾಡಬೇಡಿ. ಓಎಲ್‌ಇಡಿಗೆ ಟಿ6 ಟಾರ್ಕ್ಸ್ ಬೇಕು. ಅದಕ್ಕೂ ಮುಂಚೆ ಮೈಕ್ರೋಎಸ್‌ಡಿ ಕಾರ್ಡ್ ಹೊರಗೆ ತೆಗೆದಿಡಿ. ಕಾರ್ಡ್ ಒಳಗಿರುವಾಗ ಕವಚ ಎತ್ತಿದರೆ ಅದು ನಡುವೆ ಲಟಕ್ಕೆಂದು ಮುರಿಯುತ್ತದೆ.